ಯಾವುದರ ಮುಂದಿನದು? ಚೆಕ್ ಅನುವಾದದಲ್ಲಿ ನಾವು ಎಡವಿದ ಪ್ರಕರಣ

ಮೊದಲ ದೂರು ಬಂದಿದ್ದು ಒಂದು ಯೋಗ ಸ್ಟುಡಿಯೋದಿಂದ. ಊರು ಬೃನೊ, ಚೆಕ್ ದೇಶದ ಎರಡನೇ ದೊಡ್ಡ ನಗರ. ಸಂಜೆಯ ಕ್ಲಾಸು ಭರ್ತಿಯಾಗಿತ್ತು. ಸದಸ್ಯರೊಬ್ಬರು ವೇಟಿಂಗ್ ಲಿಸ್ಟಿಗೆ ಹೆಸರು ಹಾಕಿದರು. ತಕ್ಷಣ ಅವರ ಫೋನಿಗೆ ಒಂದು ಮೆಸೇಜ್ ಹೋಯಿತು: ‘ವಶೆ ಒಬ್ಯೆದ್ನಾವ್ಕ: 3’. ಅವರು ನೇರ ರಿಸೆಪ್ಷನ್ನಿಗೆ ಬಂದು, ‘ನಾನು ಏನೂ ಕೊಂಡಿಲ್ಲ, ಮೂರು ಏನು ಕಳಿಸ್ತಿದ್ದೀರಿ? ದುಡ್ಡು ಎಷ್ಟು ಕಟ್ ಆಗುತ್ತೆ?’ ಅಂತ ಕೇಳಿದರಂತೆ.

ನಾವು ಹೇಳಬೇಕಿದ್ದುದು ಇಷ್ಟೇ: ಸರದಿಯಲ್ಲಿ ನೀವು ಮೂರನೆಯವರು. ಇಂಗ್ಲಿಷಿನಲ್ಲಿ ನಾವು ಬರೆದಿದ್ದು ‘ಯುವರ್ ಆರ್ಡರ್: 3’. ಆ ಇಂಗ್ಲಿಷೇ ನೆಟ್ಟಗಿರಲಿಲ್ಲ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಆದರೆ ಆಫೀಸಿನಲ್ಲಿ ಅದನ್ನು ಓದಿದ ಯಾರಿಗೂ ಅನುಮಾನ ಬಂದಿರಲಿಲ್ಲ. ವೇಟಿಂಗ್ ಲಿಸ್ಟಿನ ಪರದೆ ಕಣ್ಣ ಮುಂದೆ ಇತ್ತು, ಹಾಗಾಗಿ ಅರ್ಥ ತಾನಾಗೇ ಕೂತುಕೊಂಡಿತ್ತು. ಅನುವಾದಕಿಯ ಕಣ್ಣ ಮುಂದೆ ಆ ಪರದೆ ಇರಲಿಲ್ಲ. ಅವರ ಹತ್ತಿರ ಇದ್ದದ್ದು ‘ಆರ್ಡರ್’ ಅನ್ನೋ ಒಂಟಿ ಪದ. ಬುಕಿಂಗ್ ಆ್ಯಪ್ ಅಂದಮೇಲೆ ಆರ್ಡರ್ ಅಂದರೆ ಖರೀದಿಯೇ ಇರಬೇಕು ಅಂದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ನಾನಿರುವುದು ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. ಜಿಮ್, ಯೋಗ, ಡ್ಯಾನ್ಸ್ ಕ್ಲಾಸು ನಡೆಸುವವರಿಗೆ ಬುಕಿಂಗ್ ಆ್ಯಪ್ ಮಾಡಿಕೊಡುತ್ತೇವೆ. ಆ್ಯಪನ್ನು ಬೇರೆ ಭಾಷೆಗಳಿಗೆ ಅಣಿ ಮಾಡುವುದು ನನ್ನ ಕೆಲಸ. ಇಲ್ಲಿ ಹೇಳುತ್ತಿರುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ನನ್ನವು.

ಚೆಕ್ ಪದಗಳನ್ನು ಕನ್ನಡದಲ್ಲಿ ಬರೆಯುವ ಬಗ್ಗೆ ಒಂದು ಮಾತು. ಆ ಭಾಷೆಯಲ್ಲಿ ರಕಾರ ಎಷ್ಟೋ ಕಡೆ ಸ್ವರದ ಹಾಗೆ ಬರುತ್ತದೆ. ಬೃನೊ ಅನ್ನೋ ಹೆಸರನ್ನು ರೋಮನ್ ಅಕ್ಷರದಲ್ಲಿ ನೋಡಿದವರು ಬಿ, ಆರ್, ಎನ್ ಒತ್ತೊತ್ತಾಗಿ ಬಂದಿದ್ದಕ್ಕೆ ಹೆದರುತ್ತಾರೆ. ನಮಗೆ ಋ ಇದೆ, ವಟ್ರಸುಳಿ ಹಾಕಿ ಮುಗಿಸಬಹುದು. ಇನ್ನೊಂದು ಅಕ್ಷರ ಮಾತ್ರ ನಮಗೂ ಬಗ್ಗಲ್ಲ. ರ ಮತ್ತು ಝ ಎರಡನ್ನೂ ಒಂದೇ ಉಸಿರಲ್ಲಿ ಉರುಳಿಸಿದ ಹಾಗೆ ಅದರ ಸದ್ದು. ಅದನ್ನು ‘ರ್ಝ’ ಅಂತ ಬರೆದಿದ್ದೇನೆ. ಸುಮ್ನೆ ಅಂದಾಜಿಗೆ ಓದಿಕೊಳ್ಳಿ.

ಹಾಳೆ ತಯಾರಾದ ಬಗೆ

ಅನುವಾದಕ್ಕೆ ದುಡ್ಡು ಕೊಡುವುದು ಪದದ ಲೆಕ್ಕದಲ್ಲಿ. ಆ್ಯಪಿನಲ್ಲಿರುವ ಮಾತುಗಳನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಿದಾಗ ‘ನೆಕ್ಸ್ಟ್’ 11 ಕಡೆ ಸಿಕ್ಕಿತು, ‘ಲಾಸ್ಟ್’ 9 ಕಡೆ. ಒಂದೇ ಪದಕ್ಕೆ 11 ಸಲ ದುಡ್ಡು ಯಾಕೆ ಅಂತ ಡೂಪ್ಲಿಕೇಟ್ ತೆಗೆಯುವ ಬಟನ್ ಒತ್ತಿದೆ. ಹಾಳೆ ಚಿಕ್ಕದಾಯಿತು. ಬಿಲ್ಲೂ ಚಿಕ್ಕದಾಯಿತು. ಮ್ಯಾನೇಜರ್ ಖುಷಿಪಟ್ಟರು.

ಅದರ ಮೇಲೆ ಇನ್ನೊಂದು ಜಾಣತನ ಇತ್ತು. ‘ಲಾಸ್ಟ್ ಮಂತ್’, ‘ಲಾಸ್ಟ್ ಕ್ಲಾಸ್’, ‘ನೆಕ್ಸ್ಟ್ ಡೇ’ ಇವನ್ನು ನಾವು ಇಡಿಯಾಗಿ ಇಟ್ಟಿರಲಿಲ್ಲ. ‘ಲಾಸ್ಟ್’ ಒಂದು ತುಂಡು, ‘ಮಂತ್’ ಇನ್ನೊಂದು ತುಂಡು. ಪ್ರೋಗ್ರಾಂ ಎರಡನ್ನೂ ಹೊಲಿದು ಪರದೆ ಮೇಲೆ ಹಾಕುತ್ತಿತ್ತು. ಇಂಗ್ಲಿಷಿನಲ್ಲಿ ಈ ಹೊಲಿಗೆ ಕಾಣುವುದಿಲ್ಲ.

ಹೀಗೆ ಬೃನೊದಲ್ಲಿದ್ದ ಅನುವಾದಕಿಗೆ ಸಿಕ್ಕಿದ್ದು ಒಂದು ಪಟ್ಟಿ. ಫಸ್ಟ್, ಸೆಕೆಂಡ್, ನೆಕ್ಸ್ಟ್, ಪ್ರೀವಿಯಸ್, ಲಾಸ್ಟ್, ದೆನ್, ಅಗೋ, ಫೈನಲಿ, ಆರ್ಡರ್. ಹಿಂದುಮುಂದು ಇಲ್ಲದ ಪದಗಳು. ಅವರು ಮೇಲ್ ಬರೆದು ಕೇಳಿದ್ದರು: ‘ನೆಕ್ಸ್ಟ್ ಅಂದರೆ ಯಾವುದರ ನೆಕ್ಸ್ಟ್? ಲಾಸ್ಟ್ ಅಂದರೆ ಮುಗಿದದ್ದೋ, ಕಟ್ಟಕಡೆಯದೋ?’ ನಾನು ಕೊಟ್ಟ ಉತ್ತರ ಈಗಲೂ ಮೇಲ್‌ಬಾಕ್ಸಿನಲ್ಲಿದೆ: ಸಾಮಾನ್ಯವಾಗಿ ಯಾವ ಅರ್ಥದಲ್ಲಿ ಬಳಸ್ತಾರೋ ಅದನ್ನೇ ಹಾಕಿ. ಅದನ್ನು ಓದಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

‘ಸೆಕೆಂಡ್’ ಕೂಡ ಪಟ್ಟಿಯಲ್ಲಿ ಒಂದೇ ಸಲ ಇತ್ತು. ಫಸ್ಟ್ ಪಕ್ಕದಲ್ಲಿ ಕೂತಿದ್ದರಿಂದ ಅವರು ‘ದ್ರುಹೀ’, ಅಂದರೆ ಎರಡನೆಯ, ಅಂತ ಕೊಟ್ಟರು. ಆದರೆ ಅದೇ ಪದ ನಮ್ಮ ಟೈಮರಿನಲ್ಲೂ ಇತ್ತು. ವ್ಯಾಯಾಮದ ಟೈಮರ್ ಇಳಿಯುತ್ತಾ ಇಳಿಯುತ್ತಾ ಕಡೆಗೆ ‘1 ದ್ರುಹೀ’ ಅಂತ ತೋರಿಸುತ್ತಿತ್ತು. ‘1 ಎರಡನೆಯ’. ಇದ್ದದ್ದು ಒಂದೇ ಸೆಕೆಂಡಾದ್ದರಿಂದ ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ. ತಮಾಷೆ ಅಂದರೆ ಚೆಕ್ ಭಾಷೆಯಲ್ಲಿ ಸೆಕೆಂಡಿಗೆ ‘ಸೆಕುಂದ’ ಅಲ್ಲದೆ ‘ಫ್ತೆರ್ಝಿನ’ ಅನ್ನೋ ದೇಸಿ ಪದವೂ ಇದೆ. ಅದು ‘ಎರಡನೆಯ’ ಅನ್ನೋ ಅರ್ಥದ ಹಳೇ ಪದದಿಂದಲೇ ಹುಟ್ಟಿದ್ದು. ಮಂಗಳವಾರಕ್ಕೆ ಅವರು ಹೇಳುವ ‘ಊತೆರೀ’ ಕೂಡ ಅದೇ ಬೇರಿನದು. ಸೋಮವಾರದಿಂದ ಎಣಿಸಿದರೆ ಎರಡನೇ ದಿನ. ಗುರುವಾರದ ಹೆಸರಲ್ಲಿ ನಾಲ್ಕು ಇದೆ, ಶುಕ್ರವಾರದ ಹೆಸರಲ್ಲಿ ಐದು. ನಮ್ಮ ಕ್ಯಾಲೆಂಡರ್ ಮಾತ್ರ ಭಾನುವಾರದಿಂದ ಶುರುವಾಗಿ, ‘ಎರಡನೇ ದಿನ’ವನ್ನು ಮೂರನೇ ಮನೆಯಲ್ಲಿ ಕೂರಿಸಿತ್ತು.

ಮುಂದಿನದು, ಇನ್ನೊಂದು

ದೂರುಗಳು ಜಾಸ್ತಿಯಾದ ಮೇಲೆ ನನ್ನನ್ನು ಎರಡು ವಾರಕ್ಕೆ ಬೃನೊಗೆ ಕಳಿಸಿದರು. ಅನುವಾದಕಿಯ ಎದುರು ಕೂತು ಒಂದೊಂದೇ ಪದ ಬಿಡಿಸಿದೆವು. ಮೊದಲ ದಿನ ಪೂರ್ತಿ ಹೋಗಿದ್ದು ‘ನೆಕ್ಸ್ಟ್’ ಮೇಲೆ.

ಪ್ರಾಗ್ ಮೆಟ್ರೋದಲ್ಲಿ ಓಡಾಡಿದವರಿಗೆ ಒಂದು ಪ್ರಕಟಣೆ ಬಾಯಿಪಾಠ ಆಗಿರುತ್ತದೆ. ಬಾಗಿಲು ಮುಚ್ಚುತ್ತಿದೆ ಅಂತ ಹೇಳಿದ ಕೂಡಲೇ ‘ಪ್ರ್ಝೀಶ್ತೀ ಸ್ತನಿತ್ಸೆ’ ಅಂದು ನಿಲ್ದಾಣದ ಹೆಸರು ಹೇಳುತ್ತಾರೆ. ಮುಂದಿನ ನಿಲ್ದಾಣ. ಬರುವ ವಾರ, ಬರುವ ವರ್ಷ ಅನ್ನೋದಕ್ಕೂ ಇದೇ ಪ್ರ್ಝೀಶ್ತೀ. ಕಾಲ ನಮ್ಮ ಕಡೆ ಬರುತ್ತಿದೆ ಅನ್ನೋ ಭಾವ. ಅದೇ ಡಾಕ್ಟರ ಕೋಣೆಯ ಬಾಗಿಲು ತೆರೆದು ನರ್ಸ್ ಕರೆಯುವುದು ‘ದಲ್ಶೀ, ಪ್ರೊಸೀಮ್’ ಅಂತ. ಮುಂದಿನವರು ಬನ್ನಿ. ಇದು ಸಾಲಿನಲ್ಲಿ ಮುಂದಿನದು. ಬರಹದಲ್ಲೋ ಪಟ್ಟಿಯಲ್ಲೋ ಇದರ ಕೆಳಗೇ ಬರುವುದಾದರೆ ‘ನಾಸ್ಲೆದುಯೀತ್ಸೀ’, ಅಂದರೆ ಹಿಂಬಾಲಿಸುವ.

ತೊಡಕು ಇರುವುದು ದಲ್ಶೀಯಲ್ಲಿ. ಅದಕ್ಕೆ ‘ಮುಂದಿನ’ ಅಂತಲೂ ಅರ್ಥ, ‘ಇನ್ನೊಂದು’ ಅಂತಲೂ ಅರ್ಥ. ‘ದಲ್ಶೀ ಪಿವೊ’ ಅಂದರೆ ಇನ್ನೊಂದು ಬಿಯರ್. ನಮ್ಮ ‘ನೆಕ್ಸ್ಟ್’ಗೆ ಪಟ್ಟಿಯಲ್ಲಿ ದಲ್ಶೀ ಅಂತ ಇತ್ತು. ಹಂತದಿಂದ ಹಂತಕ್ಕೆ ಹೋಗುವ ಬಟನ್ನಿಗೆ ಅದು ಸರಿಯಾದ ಪದವೇ, ಚೆಕ್ ಆ್ಯಪ್‌ಗಳಲ್ಲೆಲ್ಲ ಕಾಣುತ್ತೆ. ಆದರೆ ಅದೇ ಪದವನ್ನು ನಮ್ಮ ಪ್ರೋಗ್ರಾಂ ಎಲ್ಲ ಕಡೆ ಅಂಟಿಸಿತು. ‘ನೆಕ್ಸ್ಟ್ ಕ್ಲಾಸ್’ ಹೋಗಿ ‘ದಲ್ಶೀ ಲೆಕ್ತ್ಸೆ’ ಆಯಿತು. ಲೆಕ್ತ್ಸೆ ಅಂದರೆ ಕ್ಲಾಸು. ಏಕವಚನಕ್ಕೂ ಬಹುವಚನಕ್ಕೂ ಅದೇ ರೂಪ. ಹಾಗಾಗಿ ಓದಿದವರಿಗೆ ‘ಬೇರೆ ಕ್ಲಾಸುಗಳು’ ಅಂತಲೂ ಕೇಳಿಸುತ್ತೆ. ಬೇರೆ ಕ್ಲಾಸುಗಳ ಪಟ್ಟಿ ಬರುತ್ತೆ ಅಂತ ಒತ್ತಿದವರಿಗೆ ತಾವೇ ಬುಕ್ ಮಾಡಿದ ನಾಳೆಯ ಕ್ಲಾಸು ಕಾಣುತ್ತಿತ್ತು.

ಕನ್ನಡದಲ್ಲಿ ‘ಮುಂದಿನ ಕ್ಲಾಸು’, ‘ಇನ್ನೊಂದು ಕ್ಲಾಸು’ ಯಾವತ್ತಾದರೂ ಕಲಸಿಹೋಗುತ್ತಾ? ಇಲ್ಲ. ಪಟ್ಟಿ ಮಾಡುವಾಗ ಒಂದು ಗಳಿಗೆ ಕನ್ನಡದಲ್ಲಿ ಯೋಚಿಸಿದ್ದರೆ ನನಗೇ ಹೊಳೆಯುತ್ತಿತ್ತು. ಆಫೀಸಿಗೆ ಕಾಲಿಟ್ಟ ಕೂಡಲೇ ತಲೆ ಇಂಗ್ಲಿಷಿಗೆ ತಿರುಗಿಬಿಡುತ್ತೆ, ಏನು ಮಾಡೋಣ.

‘ನೆಕ್ಸ್ಟ್ ಅವೈಲಬಲ್ ಸ್ಲಾಟ್’ ಅನ್ನೋದಕ್ಕೆ ಇವು ಯಾವುದೂ ಆಗಲ್ಲ. ಅಲ್ಲಿ ಚೆಕ್ ಜನ ‘ನೆಯ್‌ಬ್ಲಿಶ್ಶೀ’ ಅನ್ನುತ್ತಾರೆ. ಎಲ್ಲಕ್ಕಿಂತ ಹತ್ತಿರದ್ದು. ಮುಂದಿನದು ಅನ್ನೋ ಮಾತೇ ಇಲ್ಲ, ಹತ್ತಿರ ಯಾವುದು ಖಾಲಿ ಇದೆ ಅನ್ನೋದಷ್ಟೇ ಲೆಕ್ಕ. ನನಗೆ ತುಂಬಾ ಹಿಡಿಸಿದ ಪದ ಇದು.

ಇನ್ನು ‘ನೆಕ್ಸ್ಟ್ ಡೇ’. ಕ್ಲಾಸು ರದ್ದು ಮಾಡಿದರೆ ಮರುದಿನ ದುಡ್ಡು ವಾಪಸ್ ಅನ್ನೋ ಸಾಲು. ನಮ್ಮ ಹೊಲಿಗೆಯಲ್ಲಿ ಅದು ‘ದಲ್ಶೀ ದೆನ್’ ಆಗಿತ್ತು. ಇನ್ನೊಂದು ದಿನ ಅಂತಲೂ ಓದಬಹುದು. ದುಡ್ಡಿನ ವಿಷಯದಲ್ಲಿ ‘ಇನ್ನೊಂದು ದಿನ ಕೊಡ್ತೀವಿ’ ಅಂದರೆ ಹೇಗಿರುತ್ತೆ ಹೇಳಿ. ಅಲ್ಲಿಯವರು ಮಾಮೂಲಿಯಾಗಿ ಹೇಳುವುದು ‘ದ್ರುಹೀ ದೆನ್’. ಪದಕ್ಕೆ ಪದ ಇಟ್ಟರೆ ‘ಎರಡನೇ ದಿನ’. ಆದರೆ ಅರ್ಥ ಮರುದಿನ. ಇಂದಿನದು ಒಂದನೇ ದಿನ, ಅದಾದ ಮೇಲಿನದು ಎರಡನೆಯದು. ದೆನ್ ಅನ್ನೋದು ನಾವು ಸಂಸ್ಕೃತದಿಂದ ತಂದುಕೊಂಡ ‘ದಿನ’ಕ್ಕೆ ದೂರದ ದಾಯಾದಿ.

ಈ ದ್ರುಹೀ ನನಗೆ ಇನ್ನೊಂದು ಪೆಟ್ಟು ಕೊಟ್ಟಿತು. ಮೂರನೇ ದಿನ ಅನುವಾದಕಿ ಊಟದ ನಂತರ ಸೇರೋಣ ಅಂತ ಮೆಸೇಜ್ ಹಾಕಿದ್ದರು, ಸಮಯವನ್ನು ಚೆಕ್ ಭಾಷೆಯಲ್ಲೇ ಬರೆದು: ‘ಪೂಲ್ ದ್ರುಹೇ’. ಕಲಿತಿದ್ದೀನಾ ನೋಡೋಣ ಅನ್ನೋ ತಮಾಷೆ. ಪೂಲ್ ಅಂದರೆ ಅರ್ಧ, ದ್ರುಹೇ ಅಂದರೆ ಎರಡನೆಯದರ. ಎರಡೂವರೆ ಅಂತ ಲೆಕ್ಕ ಹಾಕಿ ಆರಾಮಾಗಿ ಹೋದೆ. ಅವರು ಒಂದು ಗಂಟೆ ಹೊತ್ತಿನಿಂದ ಕಾಯುತ್ತಿದ್ದರು. ಎರಡನೇ ಗಂಟೆಯಲ್ಲಿ ಅರ್ಧ ಕಳೆದಿದೆ ಅಂದರೆ ಒಂದೂವರೆ. ಒಂದು ಗಂಟೆ ಹೊಡೆದ ಮೇಲೆ ನಡೆಯುತ್ತಿರುವುದು ಎರಡನೇ ಗಂಟೆ ತಾನೆ? ತರ್ಕ ಸರಿಯಾಗೇ ಇದೆ. ಮಗುವಿಗೆ ಒಂದು ತುಂಬಿ ಎರಡನೇದು ನಡೀತಿದೆ ಅಂತ ನಾವೂ ಹೇಳುತ್ತೇವೆ. ಗಡಿಯಾರದ ವಿಷಯದಲ್ಲಿ ಮಾತ್ರ ಹಾಗೆ ಹೇಳಲ್ಲ, ಅಷ್ಟೇ.

ಕೊನೇ ತಿಂಗಳು

ಎಲ್ಲಕ್ಕಿಂತ ಜಾಸ್ತಿ ಗಲಾಟೆ ಎಬ್ಬಿಸಿದ್ದು ‘ಲಾಸ್ಟ್’. ಸದಸ್ಯರ ಪರದೆಯಲ್ಲಿ ಒಂದು ಚೌಕ ಇತ್ತು. ಹೋದ ತಿಂಗಳು ಎಷ್ಟು ಕ್ಲಾಸಿಗೆ ಬಂದಿರಿ ಅಂತ ತೋರಿಸುವುದು. ತಲೆಬರಹ ‘ಲಾಸ್ಟ್ ಮಂತ್’. ಚೆಕ್‌ನಲ್ಲಿ ‘ಪೊಸ್ಲೆದ್ನೀ ಮ್ನ್ಯೆಸೀತ್ಸ್’ ಅಂತ ಬಂತು. ಪೊಸ್ಲೆದ್ನೀ ಅಂದರೆ ಕೊನೆಯ. ಸೇರಿ ಎರಡೇ ತಿಂಗಳಾದ ಸದಸ್ಯರು ರಿಸೆಪ್ಷನ್ನಿನಲ್ಲಿ ಕೇಳತೊಡಗಿದರು: ‘ನನ್ನ ಮೆಂಬರ್‌ಶಿಪ್ ಇದೇ ಕೊನೇ ತಿಂಗಳಾ? ವರ್ಷಕ್ಕೆ ಕಟ್ಟಿದ್ದೆನಲ್ಲ?’

ಪೊಸ್ಲೆದ್ನೀ ತಪ್ಪು ಪದ ಏನಲ್ಲ. ಕಳೆದ ಒಂದು ತಿಂಗಳಿಂದ ಅನ್ನೋ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ‘ಕೊನೇ ಸಲ ಲಾಗಿನ್ ಆಗಿದ್ದು’ ಅನ್ನೋ ಕಡೆ ಅದೇ ಸರಿ. ಕೊನೇ ಪುಟಕ್ಕೂ ಸರಿ. ಆದರೆ ಮೆಂಬರ್‌ಶಿಪ್ ಕಾರ್ಡಿನ ಪಕ್ಕದಲ್ಲಿ, ಒಂಟಿಯಾಗಿ, ದಪ್ಪಕ್ಷರದಲ್ಲಿ ‘ಕೊನೇ ತಿಂಗಳು’ ಅಂತ ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಕ್ಯಾಲೆಂಡರಿನ ಹೋದ ತಿಂಗಳಿಗೆ ಅವರ ಹತ್ತಿರ ಬೇರೆಯೇ ಪದ ಇದೆ: ‘ಮಿನುಲೀ’, ಕಳೆದುಹೋದ. ಹೋದ ವರ್ಷಕ್ಕಂತೂ ‘ಲೊನಿ’ ಅನ್ನೋ ಒಂದೇ ಪದ ಸಾಕು. ಹಿಂದಿನ ಪುಟ, ಹಿಂದಿನ ಹಂತ ಅನ್ನೋದಾದರೆ ‘ಪ್ರ್ಝೆತ್‌ಖೋಜೀ’. ಬಂದ ದಾರಿಯಲ್ಲೇ ವಾಪಸ್ ಹೋಗುವ ಬಟನ್ ‘ಸ್ಪ್ಯೆತ್’. ನಾವು ಹೋದ ವಾರ, ಕೊನೇ ವಾರ, ಹಿಂದಿನ ಪುಟ, ವಾಪಸ್ ಅಂತ ಬೇರೆಬೇರೆ ಇಟ್ಟುಕೊಂಡಿಲ್ಲವಾ, ಹಾಗೇ.

‘ಲಾಸ್ಟ್ 7 ಡೇಸ್’ ಇನ್ನೊಂದು ಕಥೆ. 3 ದಿನವಾದರೆ ‘ಪೊಸ್ಲೆದ್ನೀ 3 ದ್ನಿ’. 7 ದಿನವಾದರೆ ‘ಪೊಸ್ಲೆದ್ನೀಖ್ 7 ದ್ನೀ’. ಅಂಕಿ ಐದು ಮುಟ್ಟಿದ ಕೂಡಲೇ ಅಂಕಿಗಿಂತ ಮೊದಲಿನ ವಿಶೇಷಣವೂ ನಂತರದ ನಾಮಪದವೂ ಎರಡೂ ರೂಪ ಬದಲಿಸುತ್ತವೆ. ತುಂಡು ಹೊಲಿದು ಇದನ್ನು ಮಾಡೋಕೆ ಸಾಧ್ಯವೇ ಇಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಟೆಸ್ಟಿಂಗಿನಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ? ಇದು ನನಗೆ ನಿಜವಾಗಿ ಕುತೂಹಲ ಹುಟ್ಟಿಸಿದ ವಿಷಯ. ಚೆಕ್‌ನಲ್ಲಿ ನಾಮಪದಕ್ಕೆ ಮೂರು ಲಿಂಗ, ಏಳು ವಿಭಕ್ತಿ. ವಿಶೇಷಣ ಅದಕ್ಕೆ ತಕ್ಕಂತೆ ಬಾಲ ಬದಲಿಸುತ್ತೆ. ಆದರೆ ವಿಶೇಷಣಗಳಲ್ಲಿ ಒಂದು ಮೆದು ಗುಂಪು ಇದೆ. ಅವು ಪ್ರಥಮಾ ವಿಭಕ್ತಿಯ ಏಕವಚನದಲ್ಲಿ ಮೂರೂ ಲಿಂಗಕ್ಕೂ ಒಂದೇ ಥರ ಇರುತ್ತವೆ. ಪೃವ್ನೀ ಅಂದರೆ ಮೊದಲನೆಯ. ಅದು ಮೆದು. ಮೂರನೆಯ ಅನ್ನೋದೂ ಮೆದು. ಪೊಸ್ಲೆದ್ನೀ, ದಲ್ಶೀ, ಪ್ರ್ಝೀಶ್ತೀ, ಪ್ರ್ಝೆತ್‌ಖೋಜೀ ಎಲ್ಲವೂ ಮೆದು. ಕ್ರಮ ಹೇಳುವ ಪದಗಳಲ್ಲಿ ದಿನಾ ಕಣ್ಣಿಗೆ ಬೀಳುವ ಬಹುಪಾಲು ಇದೇ ಗುಂಪಿನವು! ನಾವು ಪರೀಕ್ಷೆ ಮಾಡಿದ್ದು ಮೊದಲ ಪುಟ, ಕೊನೇ ಪುಟ, ಮುಂದಿನ ಪುಟ. ಎಲ್ಲಾ ಸರಿ ಬಂತು. ‘ಎರಡನೆಯ’ ಹಾಗಲ್ಲ, ಗಟ್ಟಿ ಗುಂಪಿನದು. ಗಂಡುಲಿಂಗಕ್ಕೆ ದ್ರುಹೀ, ಹೆಣ್ಣಿಗೆ ದ್ರುಹಾ, ನಪುಂಸಕಕ್ಕೆ ದ್ರುಹೇ. ಲೆಕ್ತ್ಸೆ ಹೆಣ್ಣು. ನಮ್ಮ ಆ್ಯಪ್ ಎರಡನೇ ಕ್ಲಾಸಿಗೆ ‘ದ್ರುಹೀ ಲೆಕ್ತ್ಸೆ’ ಅಂತ ತೋರಿಸಿತು. ‘ಎರಡನೆಯವನು ಬಂದಳು’ ಅಂದ ಹಾಗೆ. ನಾಲ್ಕು, ಐದು, ಆರಕ್ಕೂ ಅದೇ ಗತಿ.

ಒಂದು ಚುಕ್ಕೆ

ಇದಕ್ಕೆ ಪರಿಹಾರ ಅವರ ಬರವಣಿಗೆಯಲ್ಲೇ ಇತ್ತು. ಚೆಕ್‌ನಲ್ಲಿ ಅಂಕಿಯಾದ ಮೇಲೆ ಚುಕ್ಕೆ ಇಟ್ಟರೆ ‘ನೆಯ’ ಅಂತ ಅರ್ಥ. ‘2.’ ಅಂದರೆ ಎರಡನೆಯ. ಬಾಲ ಯಾವುದು, ಲಿಂಗ ಯಾವುದು ಅನ್ನೋದೆಲ್ಲ ಆ ಚುಕ್ಕೆಯೊಳಗೆ ಅಡಗಿಕೊಳ್ಳುತ್ತೆ, ಓದುವವರು ತಾವೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಅಂಕಿಯಾದ ಮೇಲೆ ನಾಲ್ಕು ಬಗೆಯ ಬಾಲ ಬೇಕು: 1ಕ್ಕೆ ಒಂದು, 2ಕ್ಕೆ ಒಂದು, 3ಕ್ಕೆ ಒಂದು, ಉಳಿದವಕ್ಕೆ ಒಂದು. ಭಾಷೆಗಳ ನಿಯಮ ಒಟ್ಟುಮಾಡಿರುವ ಯೂನಿಕೋಡ್‌ನ ಸಿಎಲ್‌ಡಿಆರ್ ಕೋಶದಲ್ಲೂ ಹಾಗೇ ಇದೆ. ಕ್ರಮಸಂಖ್ಯೆಗೆ ಇಂಗ್ಲಿಷಿಗೆ ನಾಲ್ಕು ವರ್ಗ, ಚೆಕ್‌ಗೆ ಒಂದೇ. ಎಣಿಕೆಗೆ ಬಂದರೆ ಪೂರಾ ಉಲ್ಟಾ: ಇಂಗ್ಲಿಷಿಗೆ ಎರಡು, ಚೆಕ್‌ಗೆ ನಾಲ್ಕು. ಒಂದಕ್ಕೆ ಒಂದು ರೂಪ, ಎರಡರಿಂದ ನಾಲ್ಕಕ್ಕೆ ಇನ್ನೊಂದು, ದಶಮಾಂಶಕ್ಕೆ ಮತ್ತೊಂದು, ಉಳಿದವಕ್ಕೆ ಮಗದೊಂದು.

ನಿಜ ಹೇಳಬೇಕೆಂದರೆ ಅನುವಾದಕಿ ಮೊದಲೇ ಚುಕ್ಕೆ ಇಟ್ಟು ಕಳಿಸಿದ್ದರು. ತೆಗೆದವರು ನಾವು. ನಮ್ಮ ತಪಾಸಣೆಯ ಟೂಲ್ ಮೂಲದಲ್ಲಿ ಇಲ್ಲದ ಪೂರ್ಣವಿರಾಮ ಅನುವಾದದಲ್ಲಿ ಕಂಡರೆ ಕೆಂಪು ಗುರುತು ಹಾಕುತ್ತೆ. ಹೊಸದಾಗಿ ಸೇರಿದ್ದ ಹುಡುಗ ಶ್ರದ್ಧೆಯಿಂದ ಕೂತು ಒಂದೊಂದೇ ಕೆಂಪು ಗುರುತು ಸರಿಮಾಡಿದ. ಸಂಜೆ ಬಂದು ಹೇಳಿದ: ‘ಮೇಡಂ, ಎಲ್ಲಾ ಕಡೆ ಒಂದು ಚುಕ್ಕೆ ಜಾಸ್ತಿ ಇತ್ತು, ತೆಗೆದುಬಿಟ್ಟೆ.’ ನಾನು ‘ವೆರಿ ಗುಡ್’ ಅಂದಿದ್ದೆ.

ತಿಂಗಳಿಗೆ ಯಾರು ಜಾಸ್ತಿ ಕ್ಲಾಸಿಗೆ ಬಂದರು ಅಂತ ತೋರಿಸುವ ಒಂದು ಬೋರ್ಡ್ ಆ್ಯಪಿನಲ್ಲಿದೆ. ಅಲ್ಲಿ ‘1. ಮೀಸ್ತೊ’ ಅಂತ ಇರಬೇಕು, ಮೊದಲ ಸ್ಥಾನ. ಚುಕ್ಕೆ ಹೋದ ಮೇಲೆ ‘1 ಮೀಸ್ತೊ’ ಆಯಿತು. ಒಂದು ಜಾಗ. ಕ್ಲಾಸು ಬುಕ್ ಮಾಡುವ ಆ್ಯಪಿನಲ್ಲಿ ಒಂದು ಜಾಗ ಅಂದರೆ ಏನು ಅಂದುಕೊಳ್ತಾರೆ? ಒಂದು ಸೀಟು ಖಾಲಿ ಇದೆ ಅಂತ! ಕೆಲವರು ಗೆದ್ದವರ ಹೆಸರ ಮೇಲೆ ಒತ್ತಿ ಒತ್ತಿ ನೋಡಿದರಂತೆ. ಎರಡನೇ ಸಾಲಿನ ‘2 ಮೀಸ್ತೊ’ಗೆ ವ್ಯಾಕರಣವೂ ಇಲ್ಲ, ‘2 ಮೀಸ್ತ’ ಆಗಬೇಕಿತ್ತು.

ಅಂತೂ ಒತ್ತಿದಿರಲ್ಲ

ಹೊಸ ಸದಸ್ಯರಿಗೆ ಆ್ಯಪ್ ಬಳಸೋದು ಹೇಗೆ ಅಂತ ನಾಲ್ಕು ಸಾಲಿನ ಸೂಚನೆ ಇತ್ತು. ಮೊದಲು ಇದು ಮಾಡಿ, ಆಮೇಲೆ ಇದು, ಕೊನೆಗೆ ಇದು. ಮೊದಲ ಸಾಲಿನ ‘ಫಸ್ಟ್’ಗೆ ಪಟ್ಟಿಯ ‘ಪೃವ್ನೀ’ ಬಂದು ಕೂತಿತ್ತು. ‘ಮೊದಲನೆಯ ಹೆಸರು ಬರೆಯಿರಿ’ ಅಂದ ಹಾಗೆ. ಅಲ್ಲಿ ಬೇಕಾದದ್ದು ‘ನೆಯ್‌ಪೃವೆ’, ಮೊದಲಿಗೆ. ಮೊದಲ ಸಲ ಅನ್ನೋದಕ್ಕೆ ‘ಪೊಪೃವೇ’, ಒಂದನೆಯದಾಗಿ ಅಂತ ವಾದ ಶುರುಮಾಡೋದಕ್ಕೆ ‘ಜ಼ಪೃವೇ’. ಬೇರು ಒಂದೇ, ಕೊಂಬೆ ಬೇರೆ.

‘ದೆನ್’ ಕೂಡ ಹಾಗೇ. ಆಮೇಲೆ ಅನ್ನೋ ಅರ್ಥಕ್ಕೆ ಪಕ್ ಅಥವಾ ಪೊತೊಮ್. ಆಗ, ಆ ಕಾಲದಲ್ಲಿ ಅನ್ನೋ ಅರ್ಥಕ್ಕೆ ತೆಹ್ದಿ. ಹಾಗಾದ್ರೆ ಸರಿ ಅನ್ನೋ ಅರ್ಥಕ್ಕೆ ತಕ್.

ನಾಲ್ಕನೇ ಸಾಲು: ‘ಫೈನಲಿ, ಸಬ್ಮಿಟ್ ಒತ್ತಿ’. ಪಟ್ಟಿಯಲ್ಲಿದ್ದ ಉತ್ತರ ‘ಕೊನೆಚ್ನ್ಯೆ’. ಅದು ಬಾಯಿಗೆ ಬರುವುದು ಬಸ್ಸಿಗೆ ಕಾದು ಕಾದು ಸಾಕಾಗಿ ಕಡೆಗೆ ಅದು ಕಂಡಾಗ. ಕನ್ನಡದ ‘ಅಂತೂ ಬಂತಪ್ಪ’. ನಮ್ಮ ಆ್ಯಪು ಸದಸ್ಯರಿಗೆ ‘ಅಂತೂ ಇಂತೂ ಬಟನ್ ಒತ್ತಿ ಮಾರಾಯ್ರೆ’ ಅಂತ ಹೇಳುತ್ತಿತ್ತು. ಬೇಕಾಗಿದ್ದುದು ‘ನಕೊನೆತ್ಸ್’, ಕೊನೆಗೆ. ಒಳಗಿರುವ ‘ಕೊನೆತ್ಸ್’ಗೆ ಚೆಕ್‌ನಲ್ಲಿ ಕೊನೆ ಅಂತಲೇ ಅರ್ಥ! ಎರಡು ಭಾಷೆಗೂ ಸಂಬಂಧ ಇಲ್ಲ, ಸದ್ದು ತಾನಾಗೇ ಸರಿಹೊಂದಿದ್ದು. ಟ್ರಾಮಿನ ಕೊನೇ ನಿಲ್ದಾಣಕ್ಕೂ ‘ಕೊನೆಚ್ನಾ’ ಅನ್ನುತ್ತಾರೆ. ಅಲ್ಲಿ ಇಳಿದಾಗ ಊರಿನ ಬಸ್ಸಿನ ಕಂಡಕ್ಟರ್ ‘ಲಾಸ್ಟ್ ಸ್ಟಾಪ್, ಇಳೀರಿ ಇಳೀರಿ’ ಅಂದ ಹಾಗಾಯಿತು.

ಹಿಂದೆ ಮುಂದೆ

‘5 ನಿಮಿಷದ ಹಿಂದೆ’ ಅನ್ನೋದನ್ನೂ ನಾವು ಹೊಲಿದಿದ್ದೆವು: ಅಂಕಿ, ನಿಮಿಷ, ಅಗೋ. ಅಗೋ ಅನ್ನೋದಕ್ಕೆ ಚೆಕ್ ಪದ ‘ಪ್ರ್ಝೆದ್’. ಆದರೆ ಅದು ಅಂಕಿಯ ಮುಂಚೆ ಬರಬೇಕು, ಹಿಂದೆ ಅಲ್ಲ. ನಮ್ಮ ಆ್ಯಪು ‘5 ಮಿನುತ್ ಪ್ರ್ಝೆದ್’ ಅಂತ ತೋರಿಸಿತು. ಓದಿದವರಿಗೆ ‘ಐದು ನಿಮಿಷ ಮೊದಲು...’ ಅಂತ ಅರ್ಧಕ್ಕೆ ನಿಂತ ಮಾತಿನ ಹಾಗೆ. ಯಾವುದಕ್ಕಿಂತ ಮೊದಲು? ಸರಿಯಾದದ್ದು ‘ಪ್ರ್ಝೆದ್ 5 ಮಿನುತಮಿ’. ನಿಮಿಷದ ಬಾಲವೂ ಬೇರೆ.

ಇಲ್ಲಿ ನನ್ನ ತಲೆ ಸ್ವಲ್ಪ ಗಿರ್ ಅಂದಿತು. ಪ್ರ್ಝೆದ್ ಅನ್ನೋದರ ಇನ್ನೊಂದು ಅರ್ಥ ‘ಎದುರಿಗೆ’. ಮನೆ ಮುಂದೆ ಮರ ಇದೆ ಅನ್ನೋವಾಗ ಅದೇ ಪದ. ‘10 ನಿಮಿಷದಲ್ಲಿ ಶುರುವಾಗುತ್ತೆ’ ಅನ್ನೋದಕ್ಕೆ ‘ಜ಼ 10 ಮಿನುತ್’. ‘ಜ಼’ ಅಂದರೆ ಹಿಂದುಗಡೆ. ಅಂದರೆ ಐದು ನಿಮಿಷ ಕಳೆದದ್ದು ಅವರಿಗೆ ಎದುರಿಗಿದೆ, ಹತ್ತು ನಿಮಿಷದಲ್ಲಿ ಬರುವುದು ಬೆನ್ನ ಹಿಂದಿದೆ. ನಮ್ಮಲ್ಲಿ ಐದು ನಿಮಿಷದ ‘ಹಿಂದೆ’, ‘ಮುಂದೆ’ ನೋಡೋಣ. ಪೂರಾ ತಿರುಗುಮುರುಗು ಅನ್ನಿಸಿತು. ಆಮೇಲೆ ನೋಡಿದರೆ ನಾವೂ ಅಷ್ಟು ನೇರವಾಗಿಲ್ಲ. ‘ಊಟಕ್ಕೆ ಮುಂಚೆ’, ‘ಮುನ್ನಾದಿನ’ ಅನ್ನೋವಾಗ ಆಗಿಹೋದದ್ದನ್ನು ಮುಂದಿಟ್ಟೇ ಮಾತಾಡುತ್ತೇವೆ. ಸಾಲಾಗಿ ಹೊರಟ ಎತ್ತಿನಗಾಡಿಗಳನ್ನು ನೆನೆದರೆ ಗೊಂದಲ ಇರಲ್ಲ. ಮೊದಲು ಹೊರಟದ್ದು ಮುಂದಿರುತ್ತೆ, ಆಮೇಲೆ ಬರುವುದು ಅದರ ಹಿಂದಿರುತ್ತೆ. ಚೆಕ್ ಪದ ನೋಡುವುದು ಗಾಡಿಗಳ ಸಾಲನ್ನು. ನಮ್ಮ ‘ಹಿಂದೆ’ ಹೇಳುವವನು ನಡೆದು ಬಂದ ದಾರಿಯನ್ನು ತಿರುಗಿ ನೋಡುತ್ತಿದ್ದಾನೆ.

ಆರ್ಡರ್, ಮತ್ತೆ

ಶುರುವಿನ ದೂರಿಗೆ ಬರುತ್ತೇನೆ. ಸರದಿಗೆ ‘ಪೊರ್ಝದೀ’ ಅನ್ನಬೇಕಿತ್ತು. ಇದರ ಬೇರು ಚೆಕ್‌ನಲ್ಲಿ ದೊಡ್ಡ ಮನೆತನ. ‘ರ್ಝಾದ್’ ಅಂದರೆ ವ್ಯವಸ್ಥೆ, ಕಟ್ಟಳೆ. ರೈಲು ವೇಳಾಪಟ್ಟಿ ‘ಯೀಜ಼್ದ್ನೀ ರ್ಝಾದ್’. ‘ರ್ಝದ’ ಅಂದರೆ ಸಾಲು. ‘ವ್ ಪೊರ್ಝಾದ್ಕು’ ಅಂದರೆ ಎಲ್ಲಾ ಸರಿಯಿದೆ, ಪರವಾಗಿಲ್ಲ. ಪಟ್ಟಿಯನ್ನು ಕ್ರಮವಾಗಿ ಜೋಡಿಸೋದು ‘ಸೆರ್ಝದಿತ್’. ಖರೀದಿಯ ಆರ್ಡರಿಗೆ ಹೇಳುವ ಒಬ್ಯೆದ್ನಾವ್ಕ ಈ ಮನೆತನಕ್ಕೆ ಸೇರಿಲ್ಲ. ನಮಗೆ ಸಿಕ್ಕಿದ್ದು ಅದೇ.

ಪದ ಸರಿಯಾದ ಮೇಲೆ ಕ್ರಮವೇ ತಪ್ಪಿತ್ತು ಅನ್ನೋದು ಬೇರೆ ಮಾತು. ಊರುಗಳ ಪಟ್ಟಿಯಲ್ಲಿ ಖೆಬ್, ಖೊಮುತೊವ್ ಅನ್ನೋ ಊರುಗಳು ರೋಮನ್ ‘ಸಿ’ಯ ಜಾಗದಲ್ಲಿ ಕೂತಿದ್ದವು. ಸಿ ಮತ್ತು ಎಚ್ ಸೇರಿದ ‘ಖ’ ಚೆಕ್ ವರ್ಣಮಾಲೆಯಲ್ಲಿ ಒಂದೇ ಅಕ್ಷರ. ಅದರ ಜಾಗ ಎಚ್ ಆದ ಮೇಲೆ, ಐ ಬರುವ ಮೊದಲು. ಅಂದರೆ ಹ್ರದೆತ್ಸ್ ಕ್ರಾಲೊವೇ ಆದ ನಂತರ ಖೆಬ್ ಬರಬೇಕು. ಜೋಡಣೆಯ ಸೆಟ್ಟಿಂಗ್ ಬದಲಿಸಿದೆವು, ಸರಿಹೋಯಿತು.

ಉಳಿದದ್ದರ ರಿಪೇರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಡೂಪ್ಲಿಕೇಟ್ ತೆಗೆಯೋದು ನಿಲ್ಲಿಸಿದೆ. ತುಂಡು ಹೊಲಿಯೋದು ಬಿಟ್ಟು ಪೂರ್ತಿ ವಾಕ್ಯ ಕಳಿಸುತ್ತೇವೆ. ಪ್ರತಿ ಸಾಲಿನ ಪಕ್ಕ ಪರದೆಯ ಫೋಟೋ, ಜೊತೆಗೆ ‘ಯಾವುದರ ಮುಂದಿನದು’ ಅಂತ ಒಂದು ಕಾಲಂ. ಅನುವಾದಕ್ಕೆ ಬಳಸುವ ಗೆಟ್‌ಟೆಕ್ಸ್ಟ್‌ನಂಥ ಟೂಲ್‌ಗಳಲ್ಲಿ ಒಂದೇ ಪದಕ್ಕೆ ಸಂದರ್ಭ ಬರೆದು ಬೇರೆಬೇರೆಯಾಗಿ ಇಡುವ ಸೌಲಭ್ಯ ಬಹಳ ವರ್ಷದಿಂದ ಇದೆ. ನಾವು ಬಳಸಿರಲಿಲ್ಲ, ಅಷ್ಟೇ. ತಪಾಸಣೆಯ ಟೂಲಿಗೆ ಚೆಕ್ ಚುಕ್ಕೆಯ ತಂಟೆಗೆ ಹೋಗಬೇಡ ಅಂತ ಹೇಳಿಟ್ಟಿದ್ದೇವೆ. ಬಿಲ್ ದೊಡ್ಡದಾಯಿತು. ಮ್ಯಾನೇಜರ್ ಖುಷಿಪಡಲಿಲ್ಲ.

ವಾಪಸ್ ಬಂದ ಮೇಲೆ ಅನುವಾದಕಿ ಆ ಹೊಸ ಕಾಲಮ್ಮಿನಲ್ಲಿ ಒಂದೇ ಒಂದು ಪ್ರಶ್ನೆ ಉಳಿಸಿದ್ದರು. ‘ಲಾಸ್ಟ್ ಕ್ಲಾಸ್’ ಅಂದರೆ ಮಿನುಲಾ ಲೆಕ್ತ್ಸೆಯೋ, ಪೊಸ್ಲೆದ್ನೀ ಲೆಕ್ತ್ಸೆಯೋ? ಹೋದ ಕ್ಲಾಸೋ, ಕೋರ್ಸಿನ ಕೊನೇ ಕ್ಲಾಸೋ? ಪರದೆಯ ಫೋಟೋದಿಂದಲೂ ಗೊತ್ತಾಗುತ್ತಿರಲಿಲ್ಲ. ಆ ಪರದೆ ಮಾಡಿದವರನ್ನೇ ಹೋಗಿ ಕೇಳಿದೆ.

‘ಸರ್, ಇದು ಹೋದ ಕ್ಲಾಸಾ, ಕೊನೇ ಕ್ಲಾಸಾ?’

ಅವರು ಲ್ಯಾಪ್‌ಟಾಪ್ ತಿರುಗಿಸಿ ಕೋಡ್ ನೋಡಿದರು. ಮೇಲೆ ಹೋದರು, ಕೆಳಗೆ ಬಂದರು.

‘ಎರಡೂ ಕಡೆ ಇದನ್ನೇ ಹಾಕಿದ್ದೀವಲ್ಲ,’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಹಂಗಾದ್ರೆ ಇಂಗ್ಲಿಷಿನವರಿಗೆ ಹೆಂಗೆ ಅರ್ಥ ಆಗ್ತಿತ್ತು ಮೇಡಂ ಇದು?’